ಸೊನ್ನೆ ಡಬ್ಲ್ಯೂ ನಲವತ್ತು

ಕೆಂಪು ಕಾರಿನ ಜೊತೆ ಬಂದ ಪುಸ್ತಕ ಡ್ರೈವರನ ಹತ್ತಿರ ಇರಲಿಲ್ಲ. ಅದು ಹಲ್ಲಿನ ಡಾಕ್ಟರರ ಬೀರುವಿನಲ್ಲಿತ್ತು. ಬೀರುವಿನ ಕೀಲಿ ಡಾಕ್ಟರರ ಜೇಬಿನಲ್ಲಿತ್ತು. ಡಾಕ್ಟರರು ಯಾವುದೋ ದೂರದೂರಿನ ವಿಮಾನ ನಿಲ್ದಾಣದಲ್ಲಿದ್ದರು.

ಬೆಳಿಗ್ಗೆ ಎಂಟೂವರೆಗೆ ಅಲ್ಲಿಂದ ಫೋನ್ ಬಂತು.

“ಕೆಂಪು ಕಾರನ್ನ ಈಗಲೇ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಬಿಡು. ವಾರದಿಂದ ಸುಮ್ನೆ ನಿಂತಿದೆ.”

“ಆಯ್ತು ಸಾರ್.”

“ಸ್ಟಾರ್ಟ್ ಮಾಡಿ ನೀನು ಹೊರಗೆ ಹೋಗ್ಬಿಡು. ಶೆಡ್ಡಲ್ಲಿ ನಿಂತು ಹೊಗೆ ಕುಡೀಬೇಡ, ಎದೆಗೆ ಒಳ್ಳೇದಲ್ಲ.”

ಒಂಬತ್ತು ವರ್ಷದ ಚಾಕರಿಯಲ್ಲಿ ಡಾಕ್ಟರರು ಅವನ ಎದೆಯ ವಿಚಾರ ಎತ್ತಿದ್ದು ಇದೇ ಮೊದಲು. ಫೋನ್ ಇಟ್ಟ ಮೇಲೂ ಅವನು ಸ್ವಲ್ಪ ಹೊತ್ತು ಸಾಹೇಬರ ಮುಂದೆ ನಿಂತವನಂತೆ ನೆಟ್ಟಗೆ ನಿಂತಿದ್ದ.

ಆ ಕಾರನ್ನು ಡಾಕ್ಟರರು ತಮ್ಮ ಐವತ್ತನೇ ವಯಸ್ಸಿನಲ್ಲಿ ಕೊಂಡಿದ್ದರು. ನೆಲಕ್ಕೆ ಅಂಟಿಕೊಂಡಂತಿದ್ದ ಎರಡೇ ಸೀಟಿನ ರೇಸ್ ಕಾರು. ಒಳಗೆ ಕೂರಲು ಅವರು ಮಡಿಸುವ ಕುರ್ಚಿಯಾಗಬೇಕಿತ್ತು. ಇಳಿಯುವಾಗ ಡ್ರೈವರ್ ಬಂದು, ಬೇರು ಬಿಟ್ಟ ದವಡೆಹಲ್ಲು ಕೀಳುವ ಹಾಗೆ, ಆಚೆ ಈಚೆ ಅಲ್ಲಾಡಿಸಿ ಅವರನ್ನು ಎಳೆಯಬೇಕಿತ್ತು. ಒಂದು ವರ್ಷದಿಂದ ಕಾರು ಮಾರಾಟಕ್ಕಿತ್ತು. ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಡ್ರೈವರ್ ದಿನಾ ಓಡಿಸುತ್ತಿದ್ದುದು ಡಾಕ್ಟರರ ಬೂದಿ ಬಣ್ಣದ ಇನ್ನೊಂದು ಕಾರನ್ನು. ಕೆಂಪು ಕಾರಿಗೆ ಅವನು ಬರೀ ಸ್ನಾನ ಮಾಡಿಸುತ್ತಿದ್ದ.

ಕೀಲಿ ತಿರುಗಿಸಿದ. ಕಾರು ಗುಡುಗಿತು. ಡ್ಯಾಶ್‌ಬೋರ್ಡಿನ ಮೇಲೆ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಹೊತ್ತಿತು. ಆರಲಿಲ್ಲ. ಹಾವು ತುಳಿದವನಂತೆ ಅವನು ಎಂಜಿನ್ ಆಫ್ ಮಾಡಿದ. ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಹೊರಗೆಳೆದ. ತೊಳೆದಿಟ್ಟ ಚಮಚದ ಹಾಗೆ ಹೊಳೆಯಿತು. ಒಂದು ಹನಿಯೂ ಇರಲಿಲ್ಲ.

ಡಾಕ್ಟರರಿಗೆ ಫೋನ್ ಮಾಡಿದ. ಆಫ್ ಆಗಿತ್ತು. ವಿಮಾನ ಹತ್ತಿದ್ದರು. ಮನೆಗೆ ಬರುವುದು ಸಂಜೆ ಐದಕ್ಕೆ.

ಶೆಡ್ಡಿನ ಮೇಲಿನ ಒಂದೂವರೆ ಕೋಣೆಯೇ ಡ್ರೈವರನ ಮನೆ. ಹೆಂಡತಿ ಮೆಟ್ಟಿಲ ಮೇಲೆ ಬಕೆಟ್ ಹಿಡಿದು ನಿಂತಿದ್ದಳು.

“ಆಯಿಲ್ ಎಲ್ಲಿ ಹೋಯ್ತು ರೀ?”

“ನಂಗೇನು ಗೊತ್ತು?”

“ಅವ್ರೂ ಅದನ್ನೇ ಕೇಳ್ತಾರೆ. ಅವ್ರದ್ದೊಂದು ಜೊತೆ ಬಿಟ್ರೆ, ಶೆಡ್ಡಿನ ಕೀಲಿ ನಿಮ್ಮ ಹತ್ರ, ಕಾರಿನ ಕೀಲಿ ನಿಮ್ಮ ಹತ್ರ. ನಂಗೇನು ಗೊತ್ತು ಅಂದ್ರೆ, ಮಾರ್ಕೊಂಡು ತಿಂದ ಅಂತಾರೆ.”

“ಸೋರಿರಬೋದು.”

ಇಬ್ಬರೂ ಬಗ್ಗಿ ಕಾರಿನ ಕೆಳಗೆ ನೋಡಿದರು. ನೆಲ ಊಟದ ತಟ್ಟೆಯಷ್ಟು ಶುಭ್ರವಾಗಿತ್ತು. ಅದನ್ನು ದಿನಾ ಒರೆಸುತ್ತಿದ್ದವನು ಅವನೇ.

“ಐದು ಗಂಟೆ ಒಳಗೆ ತುಂಬಿಸಿಡಿ. ಇಲ್ಲದಿದ್ರೆ ಈ ಕೋಣೆನೂ ಇಲ್ಲ, ನಾವೂ ಇಲ್ಲ,” ಎಂದು ಅವಳು ಬಕೆಟ್ ಎತ್ತಿಕೊಂಡು ಹೋದಳು.

ಯಾವುದನ್ನು ತುಂಬಿಸುವುದು? ಅದು ಬೂದಿ ಕಾರಲ್ಲ, ಸಿಕ್ಕಿದ್ದು ಸುರಿಯಲು.

ಎದುರುಮನೆಯ ಅಜ್ಜ ಮೂವತ್ತೈದು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಬೀದಿಯಲ್ಲಿ ಬಾನೆಟ್ ಎದ್ದ ಸದ್ದು ಕೇಳಿದರೆ ಸಾಕು, ಬೆಲ್ಲಕ್ಕೆ ಇರುವೆ ಬಂದಂತೆ ಬರುತ್ತಿದ್ದರು.

“ದಪ್ಪದ್ದು ಹಾಕಯ್ಯಾ. ಆಯಿಲ್ ಅಂದ್ರೆ ಕಡ್ಡಿ ನಿಲ್ಲಿಸಿದ್ರೆ ನಿಲ್ಲಬೇಕು. ನಮ್ಮ ಬಸ್ಸು ಅದ್ರಲ್ಲೇ ಹತ್ತು ಲಕ್ಷ ಕಿಲೋಮೀಟರ್ ಓಡಿದ್ವು.”

“ಇದು ಬಸ್ಸಲ್ಲ ಅಜ್ಜ.”

“ನಾಲ್ಕು ಚಕ್ರ ಇಲ್ವಾ? ಒಳಗೆ ಬೆಂಕಿ ಇಲ್ವಾ? ಮತ್ತೆ?”

ಅಷ್ಟರಲ್ಲಿ ಹೆಂಡತಿಯ ತಮ್ಮ ಬಂದ. ಕಾರಿನ ವಿಡಿಯೋ ನೋಡುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವಿರಲಿಲ್ಲ. ಆ ಕೆಲಸವನ್ನು ಮಾತ್ರ ನಿಷ್ಠೆಯಿಂದ ಮಾಡುತ್ತಿದ್ದ.

“ಭಾವ, ಅಜ್ಜನ ಮಾತು ಕೇಳಿದ್ರೆ ಕಾರು ಸತ್ತೋಗತ್ತೆ. ಹತ್ತು ಡಬ್ಲ್ಯೂ ಅರವತ್ತು ಹಾಕಿ. ರೇಸಲ್ಲಿ ಅದೇ ಹಾಕೋದು.”

“ಇದು ಶೆಡ್ಡು ಬಿಟ್ಟು ಆಚೆ ಹೋಗಲ್ವಲ್ಲೋ.”

“ಆದ್ರೆ ಮನಸ್ಸಲ್ಲಿ ರೇಸ್ ಕಾರೇ ಅಲ್ವಾ ಭಾವ?”

“ಇವನಿಗೆ ಮನಸ್ಸು ಮಾತ್ರ ರೇಸ್. ಎದ್ದು ಕೆಲಸಕ್ಕೆ ಹೋಗು ಅಂದ್ರೆ ಬ್ರೇಕ್ ಬೀಳತ್ತೆ,” ಎಂದರು ಅಜ್ಜ.

ಜಗಳ ಹತ್ತೂವರೆಯವರೆಗೆ ನಡೆಯಿತು. ನಡುವೆ ಡ್ರೈವರನಿಗೆ ಬಾನೆಟ್ಟಿನ ಮೂಲೆಯಲ್ಲಿ ಕಟ್ಟಿದ್ದ ಸರ್ವೀಸ್ ಚೀಟಿ ಕಂಡಿತು. ಹಿಂದಿನ ಸಲ ಹಾಕಿದ ಆಯಿಲ್ ಯಾವುದೆಂದು ಅದರಲ್ಲಿ ಬರೆದಿತ್ತು. ‘0W’ ತನಕ ಸ್ಪಷ್ಟವಾಗಿತ್ತು. ಮುಂದಿನದು ಅಳಿಸಿಹೋಗಿತ್ತು. ತಿಂಗಳಿಗೆರಡು ಸಲ ಒದ್ದೆ ಬಟ್ಟೆಯಿಂದ ಅದನ್ನು ಶ್ರದ್ಧೆಯಾಗಿ ಒರೆಸಿದವನೂ ಅವನೇ.

ಚೀಟಿ ಬಿಚ್ಚಿಕೊಂಡು, ಸೈಕಲ್ ಹತ್ತಿ ಆಯಿಲ್ ಅಂಗಡಿಗೆ ಹೋದ. ಬೂದಿ ಕಾರು ತೆಗೆದರೆ ಡಾಕ್ಟರರು ಮೀಟರ್ ನೋಡುತ್ತಾರೆ. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿ ಚೀಟಿ ಓದಿದ.

“ಅರ್ಧ ನಂಬರ್ ತಂದಿದೀಯಲ್ಲಪ್ಪಾ. ಮೊದಲನೇದು ಎಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಬೇಗ ಹರಿಯತ್ತೆ ಅಂತ. ಎರಡನೇದು ಬಿಸಿಯಾದಾಗ ಎಷ್ಟು ದಪ್ಪ ಉಳಿಯತ್ತೆ ಅಂತ. ಸೊನ್ನೆ ಡಬ್ಲ್ಯೂದಲ್ಲೇ ಇಪ್ಪತ್ತಿದೆ, ಮೂವತ್ತಿದೆ, ನಲವತ್ತಿದೆ. ಯಾವುದು ಕೊಡ್ಲಿ?”

“ಒಳ್ಳೇದು ಕೊಡಿ.”

“ಒಳ್ಳೇದು ಅಂತ ಯಾವುದೂ ಇಲ್ಲ. ನಿನ್ನ ಎಂಜಿನ್ನಿಗೆ ಯಾವುದು ಹೇಳಿದ್ದಾರೋ ಅದು. ಎಂಜಿನ್ ನಂಬರ್ ಬರ್ಕೊಂಡು ಬಾ.”

ಹೋಗಿ ಬರಲು ಒಂದು ಗಂಟೆ. ಎಂಜಿನ್ ನಂಬರ್ ಓದಲು ತಲೆಯನ್ನು ಕಾರಿನೊಳಗೆ ತುರುಕಿ ಕಿವಿ ತರಚಿಕೊಂಡ. ನಂಬರನ್ನು ಅಂಗೈ ಮೇಲೆ ಬರೆದುಕೊಂಡ. ಸೈಕಲ್ ಹ್ಯಾಂಡಲ್ ಹಿಡಿದು ಬೆವರಿದಾಗ ಕೊನೆಯ ಎರಡು ಅಂಕಿ ಕರಗಿದವು. ಮತ್ತೆ ಹೋಗಿ, ಮತ್ತೆ ಬಂದ. ಮಧ್ಯಾಹ್ನ ಎರಡಾಗಿತ್ತು. ಊಟವಿರಲಿಲ್ಲ.

ಅಂಗಡಿಯವನು ದಪ್ಪ ಪುಸ್ತಕ ತೆಗೆದು ಬೆರಳು ಆಡಿಸಿದ. “ಸಿಕ್ತು. ಸೊನ್ನೆ ಡಬ್ಲ್ಯೂ ನಲವತ್ತು, ಪೂರ್ತಿ ಸಿಂಥೆಟಿಕ್. ಬರೀ ಮುಂದಿನ ನಂಬರ್ ನೋಡ್ಬೇಡ, ಡಬ್ಬದ ಹಿಂದೆ ಕಾರ್ ಕಂಪನಿ ಒಪ್ಪಿಗೆ ಕೊಟ್ಟಿರೋ ನಂಬರ್ ಇರತ್ತೆ, ಅದೂ ಸೇರಬೇಕು. ನೋಡು, ಸೇರ್ತಿದೆ. ಏಳೂವರೆ ಲೀಟರ್.”

ಬೆಲೆ ಕೇಳಿ ಡ್ರೈವರ್ ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟ, ಮಲಗಿದ ಮಗುವನ್ನು ಇಟ್ಟ ಹಾಗೆ. “ಸಂಜೆ ಡಾಕ್ಟ್ರು ಕೊಡ್ತಾರೆ.”

“ಹಾಗಾದ್ರೆ ಸಂಜೆ ತನಕ ನಿನ್ನ ಲೈಸೆನ್ಸ್ ಇಲ್ಲಿರಲಿ.”

ಇಟ್ಟು ಬಂದ.

ಅಜ್ಜ ಡಬ್ಬದ ಮುಚ್ಚಳ ತೆಗೆದು ಬೆರಳದ್ದಿ ಉಜ್ಜಿದರು. “ಇದು ಆಯಿಲಾ? ನೀರು! ಸಂಜೆ ಒಳಗೆ ಕಾರಿನ ಕತೆ ಮುಗೀತು.”

“ನಲವತ್ತಾ? ಇಪ್ಪತ್ತು ಕಮ್ಮಿ ಆಯ್ತಲ್ಲ ಭಾವ,” ಎಂದ ಭಾವಮೈದುನ.

ಡ್ರೈವರ್ ಯಾರ ಮಾತನ್ನೂ ಕೇಳಲಿಲ್ಲ. ಹುಟ್ಟಿದಾಗಿನಿಂದ ಅವನು ಹಾಗೆ ಮಾಡಿದ್ದು ಅದೊಂದೇ ಸಲ. ಹಳೇ ಆಯಿಲ್ ಇಳಿಸುವ ಕೆಳಗಿನ ಬೋಲ್ಟ್ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿದ. ಲೀಟರ್ ಲೀಟರಾಗಿ ಸುರಿದು, ಕಡ್ಡಿ ಅದ್ದಿ ನೋಡಿದ. ಮಟ್ಟ ಎರಡು ಗೆರೆಗಳ ನಡುವೆ ಬಂತು. ಕೀಲಿ ತಿರುಗಿಸಿದ. ಕೆಂಪು ದೀಪ ಹೊತ್ತಿ, ಆರಿತು. ಎಂಜಿನ್ ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು.

“ಓಡತ್ತೆ,” ಎಂದು ಅಜ್ಜ ಒಪ್ಪಿಕೊಂಡರು. “ಆದ್ರೆ ಜಾಸ್ತಿ ದಿನ ಅಲ್ಲ.”

ನಾಲ್ಕೂವರೆಗೆ ಗೇಟಿನ ಬಳಿ ಹೆಗಲಿಗೆ ಚೀಲ ತೂಗುಹಾಕಿಕೊಂಡ ಒಬ್ಬರು ಬಂದರು. ವಿಮಾ ಕಂಪನಿಯವರು.

“ಎಂಜಿನ್ ಜಾಮ್ ಆಗಿರೋ ಕಾರು ಇದೇನಾ?”

“ಜಾಮಾ? ಯಾರು ಹೇಳಿದ್ದು ಸಾರ್?” ಡ್ರೈವರ್ ಮತ್ತೆ ಸ್ಟಾರ್ಟ್ ಮಾಡಿ ತೋರಿಸಿದ.

ವಿಮೆಯವರು ಕಾಗದ ನೋಡಿದರು, ನಂಬರ್ ಪ್ಲೇಟ್ ನೋಡಿದರು, ಮತ್ತೆ ಕಾಗದ ನೋಡಿದರು. “ಇಲ್ಲಿ ಬೇರೆ ಬರೆದಿದೆಯಲ್ಲ? ‘ನಮ್ಮ ಡ್ರೈವರನು ಅಜಾಗರೂಕತೆಯಿಂದ ಆಯಿಲ್ ಇಲ್ಲದೆ ಓಡಿಸಿದ್ದರಿಂದ ಎಂಜಿನ್ ಸಂಪೂರ್ಣ ಹಾಳಾಗಿದೆ.’ ಡ್ರೈವರ್ ಯಾರು?”

“ನಾನೇ ಸಾರ್.”

“ಆಯಿಲ್ ಇಲ್ಲ ಅಂತ ಡಾಕ್ಟರಿಗೆ ಎಷ್ಟು ಹೊತ್ತಿಗೆ ಹೇಳಿದ್ರಿ?”

“ಹೇಳೇ ಇಲ್ಲ. ಅವ್ರ ಫೋನ್ ಆಫ್ ಇತ್ತು.”

“ಡಾಕ್ಟ್ರು ಕಳಿಸಿದ ಈ ಪರಿಹಾರದ ಅರ್ಜಿ ನಮಗೆ ಬಂದಿರೋದು ಬೆಳಿಗ್ಗೆ ಎಂಟು ಮುಕ್ಕಾಲಿಗೆ.”

ಅಜ್ಜನಿಗೆ ಮೊದಲು ಅರ್ಥವಾಯಿತು. ಮಾತ್ರೆ ನುಂಗುವ ಹೊತ್ತಾಯಿತೆಂದು ಎದ್ದು ಹೋದರು. ಆಮೇಲೆ ಭಾವಮೈದುನನಿಗೆ. ಅವನು ಫೋನ್ ಕಿವಿಗಿಟ್ಟು, ಯಾರೂ ಮಾಡದ ಕರೆಗೆ “ಬಂದೆ, ಬಂದೆ” ಎನ್ನುತ್ತಾ ಹೊರಟ. ಮೆಟ್ಟಿಲ ಮೇಲೆ ಹೆಂಡತಿ ತಲೆಗೆ ಕೈಯಿಟ್ಟು ಕೂತಳು. ಡ್ರೈವರನಿಗೆ ಅರ್ಥವಾಗುವ ಹೊತ್ತಿಗೆ ಡಾಕ್ಟರರ ಟ್ಯಾಕ್ಸಿ ಗೇಟಿಗೆ ಬಂದಿತ್ತು.

ಓಡುತ್ತಿದ್ದ ಎಂಜಿನ್ನಿನ ಸದ್ದು ಕೇಳಿ ಡಾಕ್ಟರರು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಹಾಗೇ ನಿಂತರು.

ವಿಮೆಯವರು ಇಂಥವನ್ನು ವಾರಕ್ಕೆರಡು ನೋಡುತ್ತಿದ್ದವರು. ಅವರಿಗೆ ಮನೆಗೆ ಹೋಗುವ ಬಸ್ಸಿನ ಚಿಂತೆ. “ಡಾಕ್ಟ್ರೇ, ನಿಮ್ಮ ಅದೃಷ್ಟ ದೊಡ್ಡದು. ಕಾರಿಗೆ ಏನೂ ಆಗಿಲ್ಲ. ಅರ್ಜಿ ವಾಪಸ್ ತಗೊಂಡೆ ಅಂತ ಇಲ್ಲೊಂದು ಸಹಿ ಹಾಕಿ. ಇಂಥಾ ಡ್ರೈವರ್‌ನ ಬಿಡಬೇಡಿ.”

ಡಾಕ್ಟರರು ಎಲ್ಲಾ ಹಲ್ಲು ಕಾಣುವಂತೆ ನಕ್ಕು ಸಹಿ ಹಾಕಿದರು. ವಿಮೆಯವರು ತಿರುವು ದಾಟುವ ತನಕ ನಗು ಹಾಗೇ ಇತ್ತು.

“ಯಾರನ್ನ ಕೇಳಿ ಆಯಿಲ್ ಹಾಕ್ದೆ?”

“ಸರಿಯಾದ್ದೇ ಹಾಕಿದೀನಿ ಸಾರ್. ಸೊನ್ನೆ ಡಬ್ಲ್ಯೂ ನಲವತ್ತು. ಒಪ್ಪಿಗೆ ನಂಬರ್ ಕೂಡ ನೋಡಿ…”

“ಯಾರನ್ನ ಕೇಳಿ ಅಂದೆ.”

“ಯಾರನ್ನೂ ಇಲ್ಲ ಸಾರ್.”

“ಕೇಳದೆ ನನ್ನ ಕಾರಿಗೆ ಕೈ ಹಾಕೋವ್ರು ನಂಗೆ ಬೇಡ. ನಾಳೆ ಬೆಳಿಗ್ಗೆ ಕೋಣೆ ಖಾಲಿ ಮಾಡು.”

“ಸಾರ್, ಅಂಗಡೀಲಿ ಲೈಸೆನ್ಸ್ ಇಟ್ಟಿದೀನಿ. ಆಯಿಲ್ ದುಡ್ಡು ಕೊಟ್ರೆ…”

“ನಾನು ಹಾಕು ಅಂದಿದ್ನಾ?”

ಡಾಕ್ಟರರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಾರು ಇನ್ನೂ ಓಡುತ್ತಲೇ ಇತ್ತು, ಒಂದು ಅಪಸ್ವರವಿಲ್ಲದೆ. ಡ್ರೈವರ್ ಅದನ್ನು ಆಫ್ ಮಾಡಿ, ಎರಡು ಕೀಲಿಗಳನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟು ಮೆಟ್ಟಿಲು ಹತ್ತಿದ. ಹೆಂಡತಿ ಆಗಲೇ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

ಆ ದಿನ ಹೋದದ್ದು: ಕೆಲಸ ಒಂದು, ಕೋಣೆ ಒಂದೂವರೆ, ಲೈಸೆನ್ಸ್ ಒಂದು, ಆಯಿಲ್ ಏಳೂವರೆ ಲೀಟರ್.