ಮಗಳ ಪರೀಕ್ಷೆ, ಮಾಸ್ತರರ ತಯಾರಿ

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮಂಥ ಮಾಸ್ತರರು ಸುಮ್ಮನಿರಲಾರರು. ರಕ್ತ ಪರೀಕ್ಷೆಗೆ ಹೋಗುವ ಹಿಂದಿನ ದಿನ ಗಜ್ಜರಿ, ಬೀಟ್‌ರೂಟ್ ತಿಂದು ಹೋದವನು ನಾನು. ಹಿಮೋಗ್ಲೋಬಿನ್ ಒಂದೆರಡು ಅಂಕ ಹೆಚ್ಚು ಬರಲಿ ಎಂಬ ಆಸೆ. ಬೈಲಹೊಂಗಲದಲ್ಲಿ ಮನೆ, ಮುರಗೋಡದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ. ಯಾವ ಪ್ರಶ್ನೆ ಬರುತ್ತದೆಂದು ಮೊದಲೇ ಊಹಿಸಿ ಹುಡುಗರಿಂದ ಬಾಯಿಪಾಠ ಮಾಡಿಸುವುದರಲ್ಲಿ ಸುತ್ತಲ ನಾಲ್ಕು ಊರಲ್ಲಿ ನನಗೊಂದು ಹೆಸರೂ ಇದೆ. ಈ ವರ್ಷ ಆ ಹೆಸರು ನನ್ನ ಮನೆಯಲ್ಲೇ ಮಣ್ಣು ಮುಕ್ಕಿತು.

ನನ್ನ ಮಗಳು ಸಾನ್ವಿ ನಾಲ್ಕನೆಯ ಇಯತ್ತೆ. ಕೇಳಿದ ಕಥೆಯನ್ನು ಒಂದೆಳೆ ಬಿಡದೆ ತಿರುಗಿ ಹೇಳುತ್ತಾಳೆ. ಆದರೆ ಬೋರ್ಡಿನ ಮೇಲಿನ ನಾಲ್ಕು ಸಾಲು ಬರೆದುಕೊಳ್ಳುವಷ್ಟರಲ್ಲಿ ಉಳಿದ ಮಕ್ಕಳು ಚೀಲ ಏರಿಸಿಕೊಂಡು ಹೊರಟಿರುತ್ತಾರೆ. ಲೆಕ್ಕ ಕೇಳಿದರೆ ಉತ್ತರ ನನ್ನ ಹಣೆಯ ಮೇಲೆ ಬರೆದಿದೆಯೇನೋ ಎಂಬಂತೆ ನನ್ನನ್ನೇ ನೋಡುತ್ತ ನಿಲ್ಲುತ್ತಾಳೆ. ಇದಕ್ಕೆ ನಾನು ಆಲಸ್ಯ ಎಂದು ಹೆಸರಿಟ್ಟಿದ್ದೆ. ನನ್ನ ಹೆಂಡತಿ ಶೈಲಾ ಒಪ್ಪಿರಲಿಲ್ಲ. ಕಡೆಗೆ ಸಾನ್ವಿಯ ಟೀಚರ್ ನಮ್ಮನ್ನು ಕರೆಸಿ, "ಹುಡುಗಿ ಶಾಣ್ಯಾ ಅದಾಳ್ರಿ ಸರ್. ಆದ್ರ ಒಂದು ಪೇಪರೂ ಮುಗಸೂದಿಲ್ಲ. ಧಾರವಾಡದಾಗ ಒಬ್ಬ ಮೇಡಂ ಮಕ್ಕಳ ನೆನಪು, ಲಕ್ಷ್ಯ, ಎಲ್ಲಾ ಟೆಸ್ಟ್ ಮಾಡ್ತಾರ. ಒಮ್ಮೆ ತೋರಸ್ರಿ. ಆಲಸ್ಯ ಏನು, ತೊಂದ್ರಿ ಏನು ಅಂತ ಗೊತ್ತಾದ್ರ ನಮಗೂ ಕಲಸಾಕ ಹಾದಿ ಸಿಗ್ತೈತಿ" ಎಂದರು. ಅಷ್ಟು ಮಾತಿನಲ್ಲಿ ನನಗೆ ಕೇಳಿಸಿದ್ದು ಟೆಸ್ಟ್ ಎಂಬುದೊಂದೇ. ಮಗಳು ದಡ್ಡಿ ಎಂದು ಯಾರಾದರೂ ಠಸ್ಸೆ ಹೊಡೆದು ಕೊಟ್ಟುಬಿಟ್ಟರೆ ಏನು ಗತಿ ಎಂದು ನಿಜಕ್ಕೂ ಹೆದರಿದ್ದೆ.

ಹೆದರಿದ ಮಾಸ್ತರ ಏನು ಮಾಡುತ್ತಾನೆ? ಹಳೆಯ ಪ್ರಶ್ನೆಪತ್ರಿಕೆ ಹುಡುಕುತ್ತಾನೆ. ಸ್ಟಾಫ್ ರೂಮಿನಲ್ಲಿ ವಿಚಾರಿಸಿದೆ, ಸಿಗಲಿಲ್ಲ. ಮೊಬೈಲಿನಲ್ಲಿ ಸಿಕ್ಕಿತು. ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುವುದು, ಬಣ್ಣದ ಇಟ್ಟಿಗೆ ಜೋಡಿಸಿ ಚಿತ್ರದಂತೆ ಮಾಡಿಸುವುದು, ಎಲ್ಲವೂ ಇತ್ತು. ಒಂದು ವಾರ ಮನೆಯಲ್ಲಿ ಟ್ಯೂಷನ್ ನಡೆಯಿತು. ಶೈಲಾ ರೊಟ್ಟಿ ಬಡಿಯುತ್ತಲೇ, "ಅದು ಪಾಸಾಗೂ ಪರೀಕ್ಷಾ ಅಲ್ರೀ" ಎಂದಳು. "ಪಾಸು ನಾಪಾಸು ಇಲ್ಲದ ಪರೀಕ್ಷಾ ಎಲ್ಲೆರ ಇರ್ತೈತೇನು?" ಎಂದು ಅವಳ ಬಾಯಿ ಮುಚ್ಚಿಸಿದೆ. ನನ್ನ ತಾಯಿ ಸಿರಸಂಗಿ ಕಾಳಮ್ಮನಿಗೆ ಒಂದು ಕಾಯಿ ಒಡೆಸುತ್ತೇನೆಂದು ಬೇಡಿಕೊಂಡಳು. ನನ್ನ ಮತ್ತು ತಾಯಿಯ ತಯಾರಿಯಲ್ಲಿ ಮಗಳಿಗೆ ತೊಂದರೆ ಕೊಡದೇ ಇದ್ದದ್ದು ತಾಯಿಯದೊಂದೇ.

ಧಾರವಾಡದಲ್ಲಿ ಮೇಡಂ ಸಾನ್ವಿಯನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ನಾನು ಶೈಲಾಳೊಂದಿಗೆ ಹೊರಗೆ, ನನ್ನ ಶಾಲೆಯ ಹುಡುಗರ ತಂದೆತಾಯಿ ಗೇಟಿನ ಬಳಿ ನಿಲ್ಲುವಂತೆ ನಿಂತೆ. ಸ್ವಲ್ಪ ಹೊತ್ತಿಗೆ ಮೇಡಂ ಹೊರಬಂದು, "ಸರ್, ಮನ್ಯಾಗ ಯಾರರ ಪ್ರಾಕ್ಟೀಸ್ ಮಾಡಸ್ಯಾರೇನ್ರಿ? ಇಟ್ಟಂಗಿ ಕೊಟ್ರ ಹುಡುಗಿ, ನಮ್ಮಪ್ಪ ಕೊಟ್ಟಿದ್ದು ಇದಕಿಂತ ಕಠಿಣ ಇತ್ತು ಅಂತಾಳ" ಎಂದರು. ಹೊಗಳುತ್ತಿದ್ದಾರೆಂದು ತಿಳಿದು ನಾನು ಎದೆಯುಬ್ಬಿಸಿ, "ನಾನs ಮಾಡಸೇನ್ರಿ" ಎಂದೆ. ಅವರು ಬೈಯಲಿಲ್ಲ. "ಜ್ವರದ ಗುಳಿಗಿ ನುಂಗಿಸಿ, ಜ್ವರಾ ಐತೇನು ನೋಡ್ರಿ ಅಂದಂಗಾತಲ್ರಿ ಸರ್" ಎಂದರು. ಆ ಭಾಗ ಬಿಟ್ಟು ಬೇರೆ ಪರೀಕ್ಷೆಗಳಿಗೆ ಮತ್ತೊಂದು ದಿನ ಬರಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಶೈಲಾ ಊರು ಮುಟ್ಟುವತನಕ ಕಿಟಕಿಯಾಚೆಯ ಹೊಲಗಳನ್ನೇ ನೋಡುತ್ತಿದ್ದಳು.

ಆ ಪರೀಕ್ಷೆಗಳೂ ಮುಗಿದು, ಕೆಲವು ದಿನಗಳ ಮೇಲೆ ಧಾರವಾಡದಲ್ಲಿ ರಿಪೋರ್ಟ್ ಕೈಗೆ ಬಂತು. ಮೊದಲ ಹಾಳೆಯಲ್ಲೇ, ಪಾಲಕರು ಪೂರ್ವಾಭ್ಯಾಸ ಮಾಡಿಸಿದ್ದರಿಂದ ಇಂತಿಂಥ ಭಾಗ ಪರಿಗಣಿಸಿಲ್ಲ ಎಂದಿತ್ತು. ಇಷ್ಟು ವರ್ಷ ಹುಡುಗರ ಅಂಗಿಯ ತೋಳಿನಿಂದ ಚೀಟಿ ಎಳೆದು ತೆಗೆದವನ ಮೇಲೆ ನಕಲಿನ ಕೇಸು ಬಿದ್ದಿತ್ತು. ಮುಂದಿನ ಹಾಳೆಯಲ್ಲಿ ವೇಗ ಎಂಬಲ್ಲಿ ಪರ್ಸೆಂಟೈಲ್ ಹನ್ನೆರಡು. ಪರ್ಸೆಂಟೈಲ್ ಎಂದರೆ ಏನೆಂದು ಬೇರೆ ದಿನ ಕೇಳಿದ್ದರೆ ಬೋರ್ಡಿನ ಮೇಲೆ ಗೆರೆ ಎಳೆದು ತಿಳಿಸುತ್ತಿದ್ದೆ. ಆದರೆ ಮೇಲೆ ಮಗಳ ಹೆಸರಿತ್ತು, ನನಗೆ ಕಂಡದ್ದು ನೂರಕ್ಕೆ ಹನ್ನೆರಡು, ನಾಪಾಸು.

ಮೇಡಂ ಕೂರಿಸಿಕೊಂಡು ಸಮಾಧಾನದಿಂದ ತಿಳಿಸಿದರು. "ಇವು ಮಾರ್ಕ್ಸ್ ಅಲ್ರಿ ಸರ್. ಆಕಿ ವಯಸ್ಸಿನ ನೂರು ಮಕ್ಕಳನ್ನ ಸಾಲಾಗಿ ನಿಂದ್ರಿಸಿದ್ರ ಆಕಿ ಎಲ್ಲಿ ನಿಲ್ತಾಳ ಅನ್ನೂದು. ಕೇಳಿ ತಿಳಕೊಳ್ಳೂದ್ರಾಗ ಭಾಳ ಮುಂದ ಅದಾಳ. ತಿಳಿದದ್ದನ್ನ ಹೊರಗ ತರಾಕ, ಅದರಾಗೂ ಬರೆಯಾಕ, ಹೊತ್ತು ಹಿಡಿತೈತಿ. ಇದು ಆಲಸ್ಯ ಅಲ್ರಿ." ಪರೀಕ್ಷೆಯಲ್ಲಿ ಹೆಚ್ಚು ವೇಳೆ ಕೊಡಲು ಶಾಲೆಗೆ ಪತ್ರ ಬರೆಯುತ್ತೇನೆಂದರು. "ಮತ್ತ ಮನ್ಯಾಗ ಏನ್ ಮಾಡಸಬೇಕ್ರಿ?" ಎಂದು ಪೆನ್ನು ತೆಗೆದೆ. "ಏನೂ ಮಾಡಸಬ್ಯಾಡ್ರಿ. ಪ್ರಶ್ನೆ ಕೇಳ್ರಿ, ಕೇಳಿ ಸುಮ್ಮ ಕುಂಡ್ರಿ." ಶೈಲಾ ಮೊದಲ ಸಲ ನಕ್ಕಳು. ನನಗೆ ಅಳು ಬರುವಷ್ಟು ಸಮಾಧಾನವಾಯಿತು. ಅದರ ಬೆನ್ನಿಗೇ, ಆಲಸಿ ಎಂದು ಕರೆದದ್ದೆಲ್ಲ ನೆನಪಾಗಿ ನಾಚಿಕೆಯೂ ಆಯಿತು.

ಸುಮ್ಮನೆ ಕೂರುವುದು ಹೇಳಿದಷ್ಟು ಸುಲಭವಲ್ಲ. ಅಂದು ಸಂಜೆ ಸಾನ್ವಿಯನ್ನು ಎದುರು ಕೂರಿಸಿಕೊಂಡು, "ಹನ್ನೆರಡ ಏಳ್ಲೆ ಎಷ್ಟು?" ಎಂದೆ. ಎಂದಿನಂತೆ ನನ್ನ ಮುಖ ನೋಡತೊಡಗಿದಳು. "ಲಗೂ ಹೇಳ" ಎಂಬ ಮಾತು ಗಂಟಲತನಕ ಬಂತು, ನುಂಗಿದೆ. ಇನ್ನೊಮ್ಮೆ ಬಂತು, ಮತ್ತೆ ನುಂಗಿದೆ. ಅವಳು ಕಾಯುತ್ತಲೇ ಇದ್ದಳು. ಕಡೆಗೆ ಅನುಮಾನದಿಂದ ನನ್ನ ಹತ್ತಿರ ಸರಿದು, "ಅಪ್ಪಾ, ಇವತ್ತ ನೀ ಬೈಯೂದಿಲ್ಲೇನು?" ಎಂದಳು.

"ಇಲ್ಲವಾ, ಬೈಯೂದಿಲ್ಲ."

"ಹಂಗಾರ ಎಂಬತ್ನಾಲ್ಕು."

ಗೊತ್ತಿದ್ದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ದಿನಾ ನಡಬರಕ ಬೈತೀಯಲ್ಲ, ಹೇಳೂದು ತಪ್ಪಿ ಹೋಗ್ತೈತಿ. ಅದಕ್ಕ ನೀ ಬೈಯೂದು ಮುಗೀಲಿ ಅಂತ ಕುಂತಿದ್ನಿ" ಎಂದು ಮುಂದಿನ ಪ್ರಶ್ನೆಗಾಗಿ ಕಾಲು ಮಡಚಿ ನೆಟ್ಟಗೆ ಕುಳಿತಳು. ಆ ಪ್ರಶ್ನೆ ಕೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಅವಳು ಬೈಯದೆ ಕಾದಳು.