ರುದ್ರಯ್ಯನವರ ಭಾಷಣ

ಕಾಲೇಜಿನ ಚರ್ಚಾಕೂಟಕ್ಕೆ ಕುಣಿಗಲ್ಲಿನ ರುದ್ರಯ್ಯನವರನ್ನು ಕರೆಯೋಣವೇ ಎಂದು ಹುಡುಗರು ಕೇಳಿದಾಗ, ಯೋಗನರಸಿಂಹ ಮೇಷ್ಟ್ರು ಅವರು ಯಾರೆಂದು ವಿಚಾರಿಸದೆ ಹೂಂಗುಟ್ಟಿಬಿಟ್ಟರು. ದೇವರಿಲ್ಲ, ದಿಂಡರಿಲ್ಲ ಎಂದು ಊರೂರಲ್ಲಿ ಭಾಷಣ ಬಿಗಿದು, ಹೋದಲ್ಲೆಲ್ಲ ಗಲಾಟೆ ಎಬ್ಬಿಸುವ ಆಸಾಮಿ ಅವರು. ಅದು ಮೇಷ್ಟ್ರಿಗೆ ತಿಳಿದದ್ದು ತುಮಕೂರಿಗೆಲ್ಲ ತಿಳಿದ ಮೇಲೆ.

ಶನಿವಾರ ಬೆಳಿಗ್ಗೆ ಮನೆಯ ಮಾಲೀಕರಾದ ತುಳಸಮ್ಮ ಬಾಗಿಲಿಗೇ ಬಂದು ನಿಂತರು.

"ಏನ್ರೀ ಮೇಷ್ಟ್ರೇ, ದೇವರನ್ನ ಬಯ್ಯೋನನ್ನ ಕರೆಸ್ತಿದೀರಂತೆ? ನಾನೂ ಬಂದು ಕೇಳ್ತೀನಿ. ಆಮೇಲೆ ಮಾತಾಡೋಣ."

ಆ 'ಆಮೇಲೆ' ಕೇಳಿ ಮೇಷ್ಟ್ರ ಕಾಫಿ ನೆತ್ತಿಗೆ ಹತ್ತಿತು.

ಕಾಲೇಜಿನಲ್ಲಿ ಪ್ರಿನ್ಸಿಪಾಲ್ ಅನಂತರಾಮಯ್ಯನವರು ಕಾದಿದ್ದರು.

"ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ ಅಲ್ವೇನ್ರೀ? ಸೋಮವಾರ ಕಮಿಟಿ ಇದೆ."

"ಹಾಗಾದ್ರೆ ಭಾಷಣ ಬೇಡ ಅಂದ್ಬಿಡ್ಲಾ ಸಾರ್?"

"ಛೆ ಛೆ! ಪ್ರಜಾಪ್ರಭುತ್ವ ಕಣ್ರೀ ಇದು. ವಾಕ್ ಸ್ವಾತಂತ್ರ್ಯ ಇರಲೇಬೇಕು. ಯಾರೂ ಏನೂ ಮಾತಾಡದ ಹಾಗೆ ನೋಡ್ಕೊಳ್ಳಿ, ಅಷ್ಟೆ."

ಚರಿತ್ರೆಯ ಸೀತಾರಾಮಯ್ಯನವರು ಸ್ಟಾಫ್ ರೂಮಿನಲ್ಲಿ ನಶ್ಯ ಏರಿಸುತ್ತಾ ಸಮಾಧಾನ ಹೇಳಿದರು. "ನಿಲ್ಲಿಸಿದ್ರೆ ಹುಡುಗರು ಸ್ಟ್ರೈಕ್ ಮಾಡ್ತಾರೆ. ನಡೆಸಿದ್ರೆ ಊರೋರು ಕಲ್ಲು ಹೊಡೀತಾರೆ. ನೀವು ರಜ ಹಾಕ್ಬಿಡಿ."

"ಹಾಕ್ಬಿಡ್ಲಾ?"

"ಹಾಕಿದ್ರೆ ಹೆದರಿ ಓಡಿಹೋದ ಅಂತಾರೆ."

ಸಂಜೆ ಕಾಲೇಜಿನ ಹಾಲು ತುಂಬಿ ಕಿಟಕಿಗಳಲ್ಲೂ ಜನ ಜೋತುಬಿದ್ದಿದ್ದರು. ಹೆಂಗಸರ ಮುಂದಿನ ಸಾಲಿನಲ್ಲಿ ತುಳಸಮ್ಮ. ಆದರೆ ಕುಣಿಗಲ್ ಬಸ್ಸು ಬಂದರೂ ರುದ್ರಯ್ಯ ಬರಲಿಲ್ಲ. ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಹುಡುಗರು ಮಾತ್ರ ನೆಲಕ್ಕೆ ಕಾಲು ಬಡಿಯತೊಡಗಿದರು.

"ನೀವೇ ನಾಲ್ಕು ಮಾತಾಡಿ ಕಳಿಸ್ರೀ," ಎಂದು ಪ್ರಿನ್ಸಿಪಾಲರು ಮೇಷ್ಟ್ರನ್ನು ಮುಂದಕ್ಕೆ ತಳ್ಳಿದರು.

ಮೇಷ್ಟ್ರು ಬೆವರೊರೆಸಿಕೊಂಡು ಮೇಜಿನ ಮುಂದೆ ನಿಂತರು. "ರುದ್ರಯ್ಯನವರು ಬಂದಿದ್ದರೆ... ಹಸಿವು ದೇವರಿಗಲ್ಲ, ಪೂಜಾರಿಗೆ ಎನ್ನುತ್ತಿದ್ದರು."

ಚಪ್ಪಾಳೆಯೋ ಚಪ್ಪಾಳೆ! ಇಷ್ಟು ವರ್ಷ ಸಂಧಿ ಸಮಾಸ ಕಲಿಸಿ ಆಕಳಿಕೆಯನ್ನಷ್ಟೇ ಕಂಡಿದ್ದ ಮೇಷ್ಟ್ರಿಗೆ ಅದು ಮೊದಲ ಗುಟುಕು ಹೆಂಡದ ಹಾಗೆ ಏರಿತು. ಇನ್ನೊಂದು ಹೇಳಿದರು. ಮತ್ತೊಂದು ಹೇಳಿದರು. ಓಡುವ ಗಾಡಿಯ ಚಕ್ರದಿಂದ ಕಡಾಣಿ ಕಳಚಿಬೀಳುವಂತೆ, ಆ 'ಎನ್ನುತ್ತಿದ್ದರು' ಎಲ್ಲಿ ಬಿದ್ದುಹೋಯಿತೋ ಅವರಿಗೇ ತಿಳಿಯಲಿಲ್ಲ.

"ದಿನಾ ಗಂಟೆ ಬಾರಿಸಿದರೂ ಏಳದ ದೇವರು," ಎಂದು ಮೇಜು ಗುದ್ದಿದರು, "ಇದ್ದರೆಷ್ಟು, ಬಿಟ್ಟರೆಷ್ಟು!"

ಹಾಲಿನ ಸೂರು ಹಾರಿಹೋಗುವಂತೆ ಶಿಳ್ಳೆ ಬಿತ್ತು. ಆಗಲೇ ಬಾಗಿಲಿನಿಂದ ಬೋಳುತಲೆಯ, ಹಣೆ ತುಂಬ ವಿಭೂತಿ ಬಳಿದ ಒಬ್ಬರು ಕೈಮುಗಿಯುತ್ತಾ ವೇದಿಕೆಗೆ ಬಂದರು.

"ತಡವಾಯ್ತು, ಕ್ಷಮಿಸಬೇಕು. ನಾನೇ ರುದ್ರಯ್ಯ. ಮಗಳು ಜ್ವರದಲ್ಲಿ ಕೈಬಿಟ್ಟೇ ಹೋಗ್ತಿದ್ಲು. ಡಾಕ್ಟರು ಆಗಲ್ಲ ಅಂದಾಗ ಎಡೆಯೂರಿನ ದೇವರಿಗೆ ಹರಕೆ ಹೊತ್ತೆ. ಈಗ ಎದ್ದು ಓಡಾಡ್ತವ್ಳೆ. ಇವತ್ತು ಮುಡಿ ಕೊಟ್ಟು, ಸೀದಾ ಇಲ್ಲಿಗೆ ಬಂದೆ. ನಾನು ಇಷ್ಟು ದಿನ ಆಡಿದ್ದೆಲ್ಲಾ ತಪ್ಪು ಅಂತ ಹೇಳೋಕೆ."

ತುಳಸಮ್ಮ ಎದ್ದು ನಿಂತು ಕೈಮುಗಿದರು. ಪ್ರಿನ್ಸಿಪಾಲರು ಓಡಿಬಂದು ಹಾರ ಹಾಕಿದರು. ರುದ್ರಯ್ಯನವರು ಮೇಷ್ಟ್ರ ಅಂಗೈಗೆ ಪ್ರಸಾದ ಹಾಕಿ ಬೆನ್ನು ಸವರಿದರು.

"ಬಾಗಿಲಲ್ಲೇ ನಿಂತು ಕೇಳ್ದೆ ಮೇಷ್ಟ್ರೇ. ನಾನೂ ಹಿಂಗೇ ಇದ್ದೆ. ಸರಿಹೋಗ್ತೀರ ಬುಡಿ."

"ಸೋಮವಾರ ನೀವು ಬರೋದು ಬೇಡ," ಎಂದು ಪ್ರಿನ್ಸಿಪಾಲರು ಹಲ್ಲುಕಚ್ಚಿ ಪಿಸುಗುಟ್ಟಿದರು. "ಮಂಗಳವಾರಾನೂ ಬೇಡ."

ಮೇಷ್ಟ್ರು ಕಾಲೆಳೆದುಕೊಂಡು ಮನೆ ಸೇರುವಷ್ಟರಲ್ಲಿ ಅವರ ಟ್ರಂಕು, ಹಾಸಿಗೆ ಜಗಲಿಗೆ ಬಂದಿದ್ದವು. ಬಾಗಿಲಿಗೆ ಬೀಗ. ಬೆನ್ನ ಹಿಂದೆ ಜಯಕಾರ ಕೇಳಿಸಿತು. ಹುಡುಗರ ದಂಡು.

"ಸಾರ್, ಗುಬ್ಬೀಲಿ ನಾಳೆ ರುದ್ರಯ್ಯನವರ ಭಾಷಣ ಇತ್ತು. ಅವರಂತೂ ಕೈಕೊಟ್ರು. ನಿಮ್ಮ ಹೆಸರು ಹೇಳಿ ಕಳಿಸಿದೀವಿ!"

ಮೇಷ್ಟ್ರು ಹಾಸಿಗೆ ಸುರುಳಿಯ ಮೇಲೆ ಕುಸಿದು ಕೂತರು. "ಅಯ್ಯೋ ದೇವರೇ!"

ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೆಂದು ಹುಡುಗರು ಬಿದ್ದು ಬಿದ್ದು ನಕ್ಕರು.