ಲುಂಗಿ ಮೇಲಿನ ಕೂಗಳತೆ

ಬೇರೆ ಕಡೆ ಹೇಗೋ ಗೊತ್ತಿಲ್ಲ, ನಮ್ಮ ಅಂಗಡಿಯಲ್ಲಂತೂ ಭಾನುವಾರ ಬಂತೆಂದರೆ ಇಂಥದ್ದು ಒಂದಲ್ಲ ಒಂದು ಆಗಿಯೇ ತೀರುತ್ತದೆ.

ನಾನು ಮಧುಗಿರಿಯಲ್ಲಿ ಟೈಲರ್. ಭಾನುವಾರ ಮಧ್ಯಾಹ್ನ ಷಟರ್ ಅರ್ಧ ಎಳೆದು, ಕಟಿಂಗ್ ಟೇಬಲ್ ಮೇಲೆ ನಾವು ನಾಲ್ವರು ಕಥೆಯ ಆಟ ಆಡುತ್ತೇವೆ. ಫೋನಿನಲ್ಲಿ ನೋಡಿ ಕಲಿತದ್ದು. ಕಾಡು, ಕೋಟೆ, ರಾಕ್ಷಸ ಅಂತ ಕಥೆ ಕಟ್ಟುವವನು ನಾನು. ಉಳಿದ ಮೂವರು ಕಥೆಯೊಳಗಿನ ಪಾತ್ರಗಳು. ಕೊರಟಗೆರೆಯ ಬಸ್ ಕಂಡಕ್ಟರ್ ಬಿಲ್ಲುಗಾರ. ಸಿರಾದ ಪಂಕ್ಚರ್ ಅಂಗಡಿ ಸಾಬರು ಮಂತ್ರವಾದಿ. ಐ.ಡಿ.ಹಳ್ಳಿ ಕಡೆಯ ಶಾಲೆಯ ಮೇಡಂ ಗಾಯ ಮಾಯಿಸುವ ವೈದ್ಯೆ. ಏಟು ಬಿತ್ತೋ ತಪ್ಪಿತೋ ಅನ್ನುವುದನ್ನು ದಾಳ ಹೇಳುತ್ತದೆ.

ಸಾಬರು ಕೊಟ್ಟ ಚೌಕಳಿ ಲುಂಗಿಯೇ ಯುದ್ಧಭೂಮಿ. ಅಂಗಿ ಗುಂಡಿಗಳೇ ಜನ. ಲುಂಗಿಯ ಒಂದು ಚೌಕ ಅಂದರೆ ಕಥೆಯಲ್ಲಿ ಐದಡಿ. ಬಾಣ ಎಷ್ಟು ಚೌಕ ಹಾರುತ್ತೆ, ಬೆಂಕಿ ಎಲ್ಲಿವರೆಗೆ ಸುಡುತ್ತೆ, ಎಲ್ಲಕ್ಕೂ ಅಳತೆ ಇದೆ. ಅಳತೆ ನನ್ನ ಕಸುಬು, ಅದರಲ್ಲಿ ಮೋಸ ಕಂಡರೆ ನನಗೆ ಮೈ ಉರಿಯುತ್ತದೆ. ಜಗಳ ಹುಟ್ಟುವುದೂ ಅಲ್ಲೇ.

ಒಳಗೆ ಜಾಗ ಐತೆ

ಒಂದು ಚೌಕದಲ್ಲಿ ಒಬ್ಬನೇ ನಿಲ್ಲಬೇಕು ಅನ್ನುವುದು ನಿಯಮ. ಒಂದು ದಿನ ಕಂಡಕ್ಟರ್ ಕೋಟೆಯಿಂದ ಬಿಡಿಸಿ ತಂದ ಹಳ್ಳಿಯವರನ್ನೆಲ್ಲ ಬಂಡೆಯ ಹಿಂದಿನ ಒಂದೇ ಚೌಕಕ್ಕೆ ತುಂಬಿದರು. ಗುಂಡಿಯ ಮೇಲೆ ಗುಂಡಿ ಏರಿ ಕೂತಿತು. ತಾವು ಮಾತ್ರ ಫುಟ್‌ಬೋರ್ಡಿನಲ್ಲಿ ನಿಂತವರಂತೆ ಪಕ್ಕದ ಚೌಕದಲ್ಲಿದ್ದರು.

"ಕಂಡಕ್ಟ್ರಣ್ಣ, ಅಷ್ಟು ಜನ ಹೆಂಗೆ ಹಿಡೀತಾರೆ ಅಲ್ಲಿ?" ಅಂದೆ.

"ಐದಡಿ ಅಂದ್ಯಲ್ಲ? ಸಂತೆ ದಿನ ಹೊಳವನಹಳ್ಳಿ ಬಸ್ಸಿಗೆ ಬಾ. ಐದಡೀಲಿ ಅರ್ಧ ಊರು ನಿಲ್ಲಿಸಿ, ಮ್ಯಾಲೆ ಒಂದು ಕುರೀನೂ ಹತ್ತುಸ್ತೀನಿ."

"ನಿಯಮ ಒಬ್ಬನಿಗೇ ಅಂತ ಐತೆ."

"ಇಷ್ಟೇ ಜನ ನಿಲ್ಬೇಕು ಅಂತ ಬಸ್ಸಲ್ಲೂ ಬರೆದವ್ರೆ ಕಣಯ್ಯ. ನಿಲ್ಲಾಕಿಲ್ವಾ?"

ನಾನು ಸೋತೆ. ಮುಂದಿನ ಸರದಿಯಲ್ಲಿ ರಾಕ್ಷಸ ಬೆಂಕಿಯುಂಡೆ ಎಸೆದ. ಅದು ಸರಿಯಾಗಿ ಆ ಚೌಕಕ್ಕೇ ಬಿತ್ತು. ಹಳ್ಳಿಗೆ ಹಳ್ಳಿಯೇ ಬೂದಿ. ಕಂಡಕ್ಟರ್ ಗುಂಡಿಗಳನ್ನೇ ನೋಡುತ್ತಾ ಬಹಳ ನೊಂದು ಕೇಳಿದರು: "ಬೆಂಕಿಗಾದ್ರೂ ಚೌಕಕ್ಕೆ ಒಬ್ರೇ ಅಂತ ನಿಯಮ ಇಡಬಾರ್ದಾ?"

ಒಗೆದ ಭೂಮಿ

ಲುಂಗಿಯ ಮೇಲೆ ಟೀ ಚೆಲ್ಲಿತೆಂದು ನನ್ನ ಹೆಂಡತಿ ಅದನ್ನು ಬಿಸಿನೀರಿಗೆ ಹಾಕಿ ಒಗೆದಳು. ಹೊಸ ಕಾಟನ್, ಸುಮ್ಮನಿರುತ್ತದೆಯೇ? ನಾಲ್ಕೂ ಕಡೆ ಕುಗ್ಗಿತು.

ಆ ವಾರ ರಾಕ್ಷಸ ಸಾಬರ ಮಂತ್ರಕ್ಕೆ ನಿಲುಕದಷ್ಟು ದೂರದಲ್ಲಿದ್ದ. ಸಾಬರು ನನ್ನ ಕೊರಳಿನ ಟೇಪನ್ನೇ ಎಳೆದುಕೊಂಡು ಅಳೆದರು. "ದೇಖೋ ಭಾಯ್, ಹೋದ ವಾರಕ್ಕಿಂತ ಹತ್ರ ಬಂದ್ಬುಟ್ಟವ್ನೆ. ಮಂತ್ರ ತಗಲ್ತದೆ."

"ಸಾಬ್ರೆ, ಲುಂಗಿ ಕುಗ್ಗಿದ್ರೆ ಚೌಕಾನೂ ಕುಗ್ಗುತ್ತೆ. ಟೇಪ್ ಬುಡಿ, ಚೌಕ ಎಣಿಸಿ."

"ಚೌಕ ಕುಗ್ಗಿರ್ಬೌದು. ನನ್ನ ಮಂತ್ರ ಯಾರೂ ಒಗೆದಿಲ್ವಲ್ಲ!"



ಹೊಳೆ ದಾಟುವ ಗಂಟಲು

ಮೇಡಂ ಅವರ ಮಂತ್ರಕ್ಕೆ ಚೌಕದ ಲೆಕ್ಕವಿಲ್ಲ. ಅದು ಕೂಗಳತೆ. ಅವರ ದನಿ ಎಲ್ಲಿವರೆಗೆ ಕೇಳುತ್ತೋ ಅಲ್ಲಿವರೆಗೆ ಗಾಯ ಮಾಯುತ್ತದೆ. ಒಮ್ಮೆ ಬಿಲ್ಲುಗಾರ ಹೊಳೆಯಾಚೆ ಏಟು ತಿಂದು ಬಿದ್ದಿದ್ದ. "ಅಷ್ಟು ದೂರ ಕೂಗು ಹೋಗಾಕಿಲ್ಲ" ಅಂದರು ಸಾಬರು.

ಮೇಡಂ ಎದ್ದರು. ಸೆರಗು ಸಿಕ್ಕಿಸಿದರು, ಷಟರ್ ಮೇಲೆತ್ತಿದರು, ಬೀದಿಗೆ ಮುಖ ಮಾಡಿ ಒಂದೇ ಸಲ: "ಯಾರೋ ಅಲ್ಲಿ ಬಿದ್ದಿರೋದು? ಏಳೋ ಮೇಲೆ!"

ಬೀದಿಯ ಆ ತುದಿಯಲ್ಲಿ ಆಟೋ ನಿಂತಿತು. ನೆರೆತ ಮೀಸೆಯ ಒಬ್ಬರು ಬೈಕ್ ನಿಲ್ಲಿಸಿ, ಕೈಕಟ್ಟಿಕೊಂಡು ಅಂಗಡಿಯವರೆಗೂ ನಡೆದು ಬಂದರು. ಮೇಡಂ ಕೈಯಲ್ಲಿ ಓದಿದವರಂತೆ.

"ಮಿಸ್, ನಾನಲ್ಲ ಮಿಸ್. ಪಕ್ಕದೋನು."

ಪಾವಗಡದಿಂದ

ಆಮೇಲೆ ಮೇಡಂಗೆ ಪಾವಗಡಕ್ಕೆ ವರ್ಗವಾಯಿತು. ಕೊನೆಯ ದಿನ ತಮ್ಮ ವೈದ್ಯೆಯ ಗುಂಡಿಯನ್ನು ನನ್ನ ಕೈಗಿಟ್ಟು, "ಇಷ್ಟು ದಿನ ಮಕ್ಕಳನ್ನ ಹೆದರಿಸೋಕೆ ಕೂಗಿದ್ದೇ ಆಯ್ತು. ಯಾರಿಗಾದ್ರೂ ಜೀವ ಬರ್ಲಿ ಅಂತ ಕೂಗೋ ಜಾಗ ಇದೊಂದೇ ಇತ್ತು ಕಣಪ್ಪ" ಅಂದರು. ಗುಂಡಿ ವಾಪಸ್ ಕೊಟ್ಟು, "ಫೋನಲ್ಲಿ ಆಡಿ ಮೇಡಂ" ಅಂದೆ.

ಭಾನುವಾರ ಲುಂಗಿಯ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿದೆವು. ಮೇಡಂ ಅಲ್ಲಿ ಒಂದು ರೂಮ್ ಬಾಡಿಗೆಗೆ ಹಿಡಿದಿದ್ದರು. ಮಾತಾಡಿಸುವವರು ಒಬ್ಬರೂ ಇಲ್ಲ ಅಂದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಬಿಲ್ಲುಗಾರ ಸಾಯುವ ಸ್ಥಿತಿಗೆ ಬಂದ.

ಸಾಬರು ತಲೆ ಕೆರೆದುಕೊಂಡರು. "ಲುಂಗಿ ಮಧುಗಿರೀಲಿ, ಮೇಡಂ ಪಾವಗಡದಾಗೆ. ಕೂಗಳತೆ ಹೆಂಗಾಯ್ತದೆ?"

ಆಗಲ್ಲ ಅಂದುಬಿಟ್ಟರೆ ಮೇಡಂಗೆ ಈ ಆಟದಲ್ಲಿ ಕೆಲಸವೇ ಇಲ್ಲ. ಮುಂದಿನ ವಾರ ಅವರು ಫೋನ್ ಎತ್ತುವುದಿಲ್ಲ ಅಂತ ನನಗೆ ಗೊತ್ತಿತ್ತು.

"ಕೇಳಿಸಿದ್ರೆ ಕೂಗಳತೆ" ಅಂತ ತೀರ್ಪು ಕೊಟ್ಟೆ. "ಕೂಗಿ ಮೇಡಂ!"

ನೆಟ್‌ವರ್ಕ್ ಕಮ್ಮಿ ಇತ್ತೋ, ಸಂತೋಷವೋ, ಅವರು ಗಂಟಲು ಹರಿಯುವಂತೆ ಕೂಗಿದರು. "ಸಾಯ್ಬೇಡ ಕಣೋ! ಏಳೋ!"

ಆ ಕಡೆ ಬಾಗಿಲು ಬಡಿಯುವ ಸದ್ದು. ಮನೆ ಓನರಮ್ಮ ಓಡಿ ಬಂದಿದ್ದರು, ಆ ಕಡೆಯ ತೆಲುಗು ಬೆರೆತ ಮಾತು. "ಏಮೈಂದಮ್ಮಾ? ಯಾರ್ಗೆ ಏನಾಯ್ತು?"

"ಮಧುಗಿರೀಲಿ ನಮ್ ಕಂಡಕ್ಟ್ರು ಸಾಯ್ತಾವ್ರೆ, ಒಂದ್ನಿಮಿಷ ಇರಿ" ಅಂದರು ಮೇಡಂ ಆಟದ ಭರದಲ್ಲಿ.

"ಅಯ್ಯೋ ದೇವುಡಾ!" ಓನರಮ್ಮ ಅಳಲು ಶುರು ಮಾಡಿದರು. ಅಕ್ಕಪಕ್ಕದವರು ಸೇರುವ ಗದ್ದಲ ನಮಗೆ ಇಲ್ಲಿಗೇ ಕೇಳಿಸಿತು. ನಾನು ಗಾಬರಿಯಲ್ಲಿ ದಾಳ ಹಾಕಿದೆ. ಗಾಯ ಮಾಯಿತು. ಕಂಡಕ್ಟರ್ ಫೋನ್ ಬಾಚಿಕೊಂಡರು. "ಅಳ್ಬೇಡ ಕಣಮ್ಮ, ಬದುಕ್ಬುಟ್ಟೆ! ಮೇಡಂ ಕೂಗಿದ್ರಲ್ಲ, ಎದ್ದು ಕುಂತವ್ನಿ."

ಆ ಕಡೆ ಗದ್ದಲವೆಲ್ಲ ನಿಂತಿತು. ಓನರಮ್ಮ ಭಯಭಕ್ತಿಯಿಂದ ಮೇಡಂಗೆ ಹೇಳುವುದು ಕೇಳಿಸಿತು:

"ಅಮ್ಮಾ, ನಮ್ಮೆಜಮಾನ್ರಿಗೆ ಮೊಣಕಾಲು ನೋವು. ಮಧುಗಿರಿಯಷ್ಟು ದೂರ ಏನೂ ಲೇದು, ಪಕ್ಕದ ರೂಮ್ನಾಗೇ ಅವ್ರೆ. ಮೆಲ್ಲಗೆ ಕೂಗಿದ್ರೂ ಸಾಕು."